ಖಾಲಿ ಜಾಗದಿಂದ ಬಂದ ‘ರೆಡಿ’

ತನಿಖಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕಳೆದ ಆಗಸ್ಟ್ ತಿಂಗಳ ಮೂರನೆಯ ಭಾನುವಾರ ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ, ರಾಷ್ಟ್ರೀಯ ಸೂಪರ್‌ಬೈಕ್ ಪಂದ್ಯಾವಳಿಯ ಮೂರನೆಯ ಸುತ್ತಿನಲ್ಲಿ, ಆಂಬ್ಯುಲೆನ್ಸ್ ತನ್ನ ಜಾಗದಲ್ಲಿ ಇಲ್ಲದಿರುವಾಗಲೇ ರೇಸ್ ಆರಂಭಿಸಲಾಯಿತು. ನಾಲ್ಕನೆಯ ಲ್ಯಾಪಿನಲ್ಲಿ ಬಿದ್ದ ವರುಣ್ ಎಂಬ ಸವಾರ ಇಪ್ಪತ್ತೆರಡು ನಿಮಿಷ ಟ್ರ್ಯಾಕಿನ ಪಕ್ಕದ ಜಲ್ಲಿಯ ಮೇಲೆ ಮಲಗಿದ್ದ. ಆಸ್ಪತ್ರೆಯಲ್ಲಿ ಅವನ ಎಡಗಾಲನ್ನು ಮಂಡಿಯ ಮೇಲ್ಭಾಗದಲ್ಲಿ ಕತ್ತರಿಸಿದರು. ತಾವು ಏಳು ಪುಟಗಳ ವರದಿ ಬರೆದಿದ್ದೀರಿ. ಅದರಲ್ಲಿ ಆಂಬ್ಯುಲೆನ್ಸ್ ಇತ್ತು ಎಂದಿದೆ.

ಇದನ್ನು ಇಂಗ್ಲಿಷಿನಲ್ಲಿ ಎರಡು ಸಲ ತಮ್ಮ ಕಚೇರಿಗೆ ಬರೆದೆ. ಉತ್ತರವಿಲ್ಲ. ತಮ್ಮ ಮನೆಮಾತು ಕನ್ನಡವೆಂದು ಕೇಳಿದ್ದೇನೆ. ಮನೆಯಲ್ಲಿ ಯಾರಾದರೂ ಪತ್ರಿಕೆ ಓದಿ ತಮಗೆ ಹೇಳಿಯಾರು ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಾನು ನಿವೃತ್ತ ಸ್ಟೇಷನ್ ಮಾಸ್ಟರ್. ಚೆನ್ನೈನ ಎಗ್ಮೋರಿನಿಂದ ದಕ್ಷಿಣಕ್ಕೆ ಹೋಗುವ ಹಳಿಯ ಸಣ್ಣ ನಿಲ್ದಾಣಗಳಲ್ಲಿ ಮೂವತ್ತೊಂದು ವರ್ಷ ರೈಲು ಬಿಟ್ಟವನು. ಇಪ್ಪತ್ಮೂರು ವರ್ಷಗಳಿಂದ ರೇಸಿನ ಭಾನುವಾರಗಳಲ್ಲಿ ಟ್ರ್ಯಾಕಿನ ಆರನೆಯ ಪೋಸ್ಟಿನಲ್ಲಿ ಬಾವುಟ ಹಿಡಿದು ನಿಲ್ಲುತ್ತೇನೆ. ಸಂಬಳವಿಲ್ಲ, ಒಂದು ಟೋಪಿ, ಒಂದು ಊಟದ ಪೊಟ್ಟಣ. ಮುಂದೆ ಯಾರಾದರೂ ಬಿದ್ದರೆ ಹಿಂದಿನಿಂದ ಬರುವವರಿಗೆ ಹಳದಿ ಬಾವುಟ ಬೀಸುವುದು ನಮ್ಮ ಕೆಲಸ. ‘ಆಂಬ್ಯುಲೆನ್ಸ್ ಟ್ರ್ಯಾಕ್ ಬಿಟ್ಟು ಹೊರಗೆ ಹೋದರೆ, ಅದು ಮರಳುವವರೆಗೆ ರೇಸ್ ಇಲ್ಲ’ ಎಂಬ ನಿಯಮವನ್ನು ಹದಿನೇಳು ವರ್ಷಗಳ ಹಿಂದೆ ತಮ್ಮ ಸಂಸ್ಥೆಯೇ ಮಾಡಿತು. ಆ ಸಭೆಯ ಕೊನೆಯ ಸಾಲಿನಲ್ಲಿ ನಾನಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದೆವು. ತಾವು ಆಗ ವೇದಿಕೆಯ ಮೇಲಿದ್ದಿರಿ.

ವರದಿಯ ನಾಲ್ಕನೆಯ ಪುಟದ ವಾಕ್ಯ ನನಗೆ ಬಾಯಿಪಾಠವಾಗಿದೆ: ‘ಎಲ್ಲ ಪೋಸ್ಟ್‌ಗಳೂ ವೈದ್ಯಕೀಯ ವಾಹನವೂ ಸನ್ನದ್ಧವಾಗಿರುವುದನ್ನು ರೇಡಿಯೋ ಮೂಲಕ ಖಚಿತಪಡಿಸಿಕೊಂಡ ನಂತರವೇ ರೇಸ್ ಆರಂಭಿಸಲಾಗಿದೆ.’ ಸುಳ್ಳೆಂದು ಹೇಳಲಾರೆ. ರೇಡಿಯೋದಲ್ಲಿ ಹಾಗೆ ಕೇಳಿಸಿದ್ದು ನಿಜ. ಕೇಳಿಸಿದ್ದು ಹೇಗೆ ಎಂಬುದನ್ನು ಸಮಿತಿ ಯಾರನ್ನೂ ಕೇಳಲಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ.

ಪ್ರತಿ ರೇಸಿಗೂ ಮೊದಲು ಕಂಟ್ರೋಲ್ ರೂಮಿನವರು ಹಾಜರಿ ಕರೆಯುತ್ತಾರೆ. ಪೋಸ್ಟ್ ಒಂದು? ರೆಡಿ. ಪೋಸ್ಟ್ ಎರಡು? ರೆಡಿ. ಕೊನೆಗೆ ಆಂಬ್ಯುಲೆನ್ಸ್. ನಮ್ಮಲ್ಲಿ ಒಂದು ಹಳೆಯ ರೂಢಿಯಿದೆ. ಪಕ್ಕದ ಪೋಸ್ಟಿನವನು ಚಹಾಕ್ಕೋ ಶೌಚಕ್ಕೋ ಹೋಗಿದ್ದರೆ ಅವನ ‘ರೆಡಿ’ಯನ್ನೂ ನಾವೇ ಹೇಳಿಬಿಡುತ್ತೇವೆ. ಒಬ್ಬನಿಗಾಗಿ ಇಡೀ ರೇಸ್ ಕಾಯಬಾರದಲ್ಲ. ಅಂದು ಏಳನೆಯ ಪೋಸ್ಟಿನ ತಮ್ಮಯ್ಯ ಹೊಟ್ಟೆ ಹಿಡಿದುಕೊಂಡು ಬಂದ.

“ಗುಂಡಣ್ಣ, ಬಂದೆ ಇರು. ನಂದೂ ಹೇಳ್ಬುಡು.”

“ಇಪ್ಪತ್ತು ವರ್ಷದಿಂದ ನಿಂದು ನಾನೇ ತಾನೆ ಹೇಳ್ತಿರೋದು? ನಿನ್ನ ತಿಥಿ ದಿನಾನೂ ನಾನೇ ರೆಡಿ ಅಂತೀನಿ, ಹೋಗು” ಎಂದೆ. ಅವನು ನಗುತ್ತಾ ಓಡಿದ.

ಹಾಜರಿ ಬಂತು. ‘ಪೋಸ್ಟ್ ಆರು ರೆಡಿ’ ಎಂದೆ. ದನಿ ತುಸು ದಪ್ಪ ಮಾಡಿ ‘ಪೋಸ್ಟ್ ಏಳು ರೆಡಿ’ ಎಂದೆ. ಆಮೇಲೆ ಆಂಬ್ಯುಲೆನ್ಸ್ ಕರೆದರು. ‘ರೆಡಿ’ ಎಂದು ಯಾರೋ ಹೇಳಿದರು.

ಆಂಬ್ಯುಲೆನ್ಸ್ ನಿಲ್ಲುವ ಜಾಗ ನನ್ನ ಪೋಸ್ಟಿನಿಂದ ಐವತ್ತು ಅಡಿ. ತಿರುಗಿ ನೋಡಿದೆ. ಅಲ್ಲಿ ಎಣ್ಣೆಯ ಕಲೆ ಇತ್ತು, ಚಾಲಕ ಸಾಯಿ ಕೂರುವ ಪ್ಲಾಸ್ಟಿಕ್ ಕುರ್ಚಿ ಇತ್ತು. ವಾಹನ ಇರಲಿಲ್ಲ. ಹಿಂದಿನ ರೇಸಿನಲ್ಲಿ ಭುಜದ ಮೂಳೆ ಮುರಿದುಕೊಂಡ ಹುಡುಗನನ್ನು ಸಾಯಿ ಆಸ್ಪತ್ರೆಗೆ ಕರೆದೊಯ್ದಿದ್ದ. ಇಷ್ಟು ವರ್ಷ ಸಾಯಿ ಒಂದು ಸಲವೂ ಬರಿಯ ‘ರೆಡಿ’ ಎಂದವನಲ್ಲ. ‘ರೆಡಿ ಸಾರ್, ರೆಡಿ’ ಎಂದು ಎರಡು ಸಲ ಹೇಳುವವನು. ಕಣ್ಣಿಗೂ ಕಿವಿಗೂ ತಿಳಿಯಿತು. ಆದರೂ ರೇಡಿಯೋದ ಗುಂಡಿ ಒತ್ತಿ ಕೇಳಲಿಲ್ಲ. ನೇರ ಪ್ರಸಾರ ಆಗಲೇ ಹನ್ನೊಂದು ನಿಮಿಷ ತಡವಾಗಿತ್ತು. ಬೇರೆ ಎಲ್ಲೋ ನಿಲ್ಲಿಸಿರಬೇಕು, ಯಾರೋ ನೋಡಿಯೇ ಹೇಳಿರಬೇಕು ಎಂದುಕೊಂಡೆ.

ರೈಲ್ವೆಯಲ್ಲಿ ನಾನು ಹೀಗೆ ಎಂದಾದರೂ ಮಾಡುತ್ತಿದ್ದೆನೇ? ಅಲ್ಲಿ ಮುಂದಿನ ನಿಲ್ದಾಣದವರು ಹಳಿ ಖಾಲಿ ಇದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ತಮ್ಮ ಮೇಜಿನ ಮೇಲಿರುವ ಹಾಳೆಯಿಂದ ಒಂದು ಸಂಖ್ಯೆ ಕೊಟ್ಟು, ಅದನ್ನು ಹೊಡೆದುಹಾಕಬೇಕು. ಪ್ರೈವೇಟ್ ನಂಬರ್ ಎನ್ನುತ್ತೇವೆ. ಆ ಕುರ್ಚಿಯಲ್ಲಿ ಕೂತವನಿಗಲ್ಲದೆ ಬೇರೆಯವರಿಗೆ ಅದು ತಿಳಿಯುವಂತಿಲ್ಲ. ಸ್ನೇಹಿತನ ಪರವಾಗಿ ಇನ್ನೊಬ್ಬ ಹೂಂ ಎನ್ನದಿರಲಿ ಎಂದೇ ಆ ಏರ್ಪಾಡು. ಮೂವತ್ತೊಂದು ವರ್ಷ ಅದನ್ನು ಪಾಲಿಸಿದವನು, ಭಾನುವಾರದ ಟೋಪಿ ಹಾಕಿದ ಕೂಡಲೇ ಮರೆತೆ.

ಮುಂದಿನದು ವರದಿಯಲ್ಲಿ ಸರಿಯಾಗಿದೆ. ನನ್ನ ಪೋಸ್ಟಿನ ಮುಂದಿನ ತಿರುವಿನಲ್ಲಿ ವರುಣ್ ಜಾರಿದ, ಹಿಂದಿನ ಬೈಕು ಅವನ ಕಾಲಿನ ಮೇಲೆ ಹಾಯಿತು, ಕೆಂಪು ಬಾವುಟ ತೋರಿಸಿ ರೇಸ್ ನಿಲ್ಲಿಸಿದರು. ವರದಿಯಲ್ಲಿ ಇಲ್ಲದ್ದು: ನನ್ನ ಹಳದಿ ಬಾವುಟವನ್ನು ಅವನ ತೊಡೆಗೆ ಬಿಗಿದು ಕಟ್ಟಿದೆ. “ಅಂಕಲ್, ವಂಡಿ ವಂದುಡುಚ್ಚಾ?” ಎಂದು ಕೇಳಿದ. ಗಾಡಿ ಬಂತು ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ. ಬಂತು ಎಂದೆ. ಅವನನ್ನು ಕರೆದೊಯ್ದು ಐವತ್ತು ನಿಮಿಷಕ್ಕೆ ಉಳಿದ ಲ್ಯಾಪುಗಳನ್ನು ಓಡಿಸಿದರು. ಜಲ್ಲಿಯ ಮೇಲೆ ಮರಳು ಚೆಲ್ಲಿದ್ದರು. ನನಗೆ ಹೊಸ ಬಾವುಟ ಕೊಟ್ಟರು, ನಾನೂ ನಿಂತೆ.

ಆಮೇಲೆ ತಮ್ಮ ಕಚೇರಿಯಿಂದ ನನಗೆ ಬಂದದ್ದು ಒಂದೇ ಒಂದು ಪತ್ರ. ಆರನೆಯ ಪೋಸ್ಟಿನ ಸಾಮಗ್ರಿಯಲ್ಲಿ ಒಂದು ಹಳದಿ ಬಾವುಟ ಕಡಿಮೆ ಇದೆ, ವಿವರಣೆ ಕೊಡಿ ಎಂದು. ಬಾವುಟದ ಬಗ್ಗೆ ಇಷ್ಟು ಕಾಳಜಿ ಇರುವ ಸಂಸ್ಥೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಾಯಿಗೆ ಅಷ್ಟೂ ಬರಲಿಲ್ಲ. ಮುಂದಿನ ಸುತ್ತಿಗೆ ಅವನನ್ನು ಕರೆಯಲೇ ಇಲ್ಲ. ಫೋನಿನಲ್ಲಿ ಕೇಳಿದ: “ಯಾರ್ ಸಾರ್ ಎನ್ ಪೇರ್ಲೆ ರೆಡಿ ಸೊನ್ನದು?” ತನ್ನ ಹೆಸರಿನಲ್ಲಿ ರೆಡಿ ಎಂದವರು ಯಾರು ಎಂದು. ಆ ಹೊತ್ತಿಗೆ ಅವನು ಒಂಬತ್ತು ಕಿಲೋಮೀಟರ್ ಆಚೆ, ಆಸ್ಪತ್ರೆಯಲ್ಲಿ ಸಹಿ ಹಾಕುತ್ತಾ ನಿಂತಿದ್ದ. ನಮ್ಮ ರೇಡಿಯೋ ಎರಡು ಕಿಲೋಮೀಟರ್ ದಾಟುವುದಿಲ್ಲ.

ವರದಿ ಕೈಗೆ ಬಂದ ದಿನ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮಡಿಸಿಟ್ಟು ಊಟ ಮಾಡಿದೆ. ತಾನು ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಾಗಿ ನನ್ನ ಹೆಂಡತಿ ಅನಸೂಯ ಆಮೇಲೆ ಹೇಳಿದಳು. ನನಗೆ ಗೊತ್ತಾಗಿರಲಿಲ್ಲ.

ಮರುದಿನ ವಡಪಳನಿಯಲ್ಲಿರುವ ವರುಣನ ಮನೆಗೆ ವರದಿ ಹಿಡಿದುಕೊಂಡು ಹೋದೆ. ಅವರದೂ ತಮಿಳು ಬೆರೆಸಿ ಕನ್ನಡ ಮಾತಾಡುವ ಮನೆ. ಅವನ ಅಕ್ಕ ವಂದನಾ ಬಾಗಿಲು ತೆರೆದಳು. ಅವನು ಮಂಚದ ಮೇಲೆ ಕೂತು ಬೈಕಿನ ವಿಡಿಯೋ ನೋಡುತ್ತಿದ್ದ.

“ಬನ್ನಿ ಅಂಕಲ್. ಗೇರ್ ಹಾಕೋ ಕಾಲೇ ಹೋಯ್ತು ನೋಡಿ, ಇನ್ಮೇಲೆ ಗೇರ್‌ಲೆಸ್ ಸ್ಕೂಟರೇ.”

“ಡೇಯ್, ಜೋಕ್ ಅಡಿಕ್ಕಾದೆ” ಎಂದು, ತಮಾಷೆ ಸಾಕೆನ್ನುವಂತೆ ವಂದನಾ ಗದರಿದಳು. “ಅಂಕಲ್, ಇವ್ನಿಗೆ ಅವಾರ್ಡ್ ಕೊಟ್ರು ಗೊತ್ತಾ? ಎಗ್ಮೋರ್ ಹೋಟೆಲಲ್ಲಿ, ವರ್ಷದ ಧೀರ ಸವಾರ ಅಂತ. ಸ್ಟೇಜಿಗೆ ಐದು ಮೆಟ್ಲು. ಇಬ್ರು ಎತ್ಕೊಂಡು ಹೋದ್ರು, ಮದುವೆ ಗಂಡಿನ ಥರ.”

ವರುಣ್ ವರದಿ ಓದಿದ. ಕೊನೆಯ ಪುಟದಲ್ಲಿ ಅಪಘಾತಕ್ಕೆ ‘ಸವಾರನ ತಪ್ಪು’ ಕಾರಣ ಎಂದಿದೆ. “ಕರೆಕ್ಟೇ ಅಂಕಲ್. ಆಕ್ಸಿಲರೇಟರ್ ಬೇಗ ಕೊಟ್ಬಿಟ್ಟೆ. ಬಿದ್ದಿದ್ದು ನನ್ನ ತಪ್ಪು. ಬಿದ್ಮೇಲೆ ಇಪ್ಪತ್ತೆರಡು ನಿಮಿಷ ಯಾರ ತಪ್ಪು? ಅಷ್ಟು ಹೇಳ್ಲಿ ಸಾಕು.”

ಏಳನೆಯ ಪೋಸ್ಟಿನ ವಿಷಯ ಅವನಿಗೆ ಹೇಳಿದೆ. ಖಾಲಿ ಜಾಗವನ್ನು ನೋಡಿಯೂ ಸುಮ್ಮನಿದ್ದೆ ಎಂದೂ ಹೇಳಿದೆ. ಅವನು ಫೋನನ್ನು ಮಗುಚಿಟ್ಟ. “ಕಾಫಿ ಕುಡೀತೀರಾ?” ಎಂದು ಕೇಳಿದ. ಕುಡಿದೆ. ಬೈದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ.

ಆ ಇಪ್ಪತ್ತೆರಡು ನಿಮಿಷ ಮೊದಲೇ ತಂದಿದ್ದರೆ ಕಾಲು ಉಳಿಯುತ್ತಿತ್ತೇ ಎಂದು ವೈದ್ಯರನ್ನು ಕೇಳಿದಾಗ ‘ಹೇಳಲಾಗದು’ ಎಂದರು. ಆದ್ದರಿಂದ ನಾನೂ ಹೇಳುವುದಿಲ್ಲ. ಆ ‘ರೆಡಿ’ ಯಾರ ದನಿ ಎಂದು ನನಗೊಂದು ಅನುಮಾನವಿದೆ. ಅನುಮಾನವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದು ಸರಿಯಲ್ಲ. ಅದರ ಅಗತ್ಯವೂ ಇಲ್ಲ. ರೇಸಿನ ದಿನದ ರೇಡಿಯೋ ಮಾತೆಲ್ಲ ಧ್ವನಿಮುದ್ರಣವಾಗುತ್ತದೆ, ಅದು ತಮ್ಮ ಕಚೇರಿಯಲ್ಲಿದೆ. ಏಳು ಪುಟ ಬರೆಯಲು ಪುರಸೊತ್ತು ಇದ್ದ ಸಮಿತಿಗೆ ನಾಲ್ಕು ನಿಮಿಷ ಕೇಳಲು ಪುರಸೊತ್ತು ಇರಲಿಲ್ಲವೇ? ಅಥವಾ ಕೇಳಿಯೇ ಬರೆದಿರೋ?

ಹೊಸ ಋತುವಿನ ಮೊದಲ ಸುತ್ತು ಬರುವ ತಿಂಗಳು. ಮತ್ತೆ ಅದೇ ಹಾಜರಿ, ಅದೇ ‘ರೆಡಿ’. ಅದಕ್ಕೂ ಮೊದಲು ಆ ಧ್ವನಿಮುದ್ರಣವನ್ನು ವರುಣ್, ಸಾಯಿ ಮತ್ತು ಪತ್ರಕರ್ತರ ಎದುರು ಹಾಕಿ ಕೇಳಿಸಿ. ಆಂಬ್ಯುಲೆನ್ಸಿನ ಪರವಾಗಿ ಉತ್ತರಿಸಿದವರು ಯಾರು, ಯಾರ ಮಾತಿನ ಮೇಲೆ ಉತ್ತರಿಸಿದರು ಎಂಬುದನ್ನು ತಾವೇ ಸಾರ್ವಜನಿಕವಾಗಿ ಹೇಳಿ. ಅದೇ ಮುದ್ರಣದಲ್ಲಿ ಸ್ವಲ್ಪ ಹಿಂದೆ, ದನಿ ದಪ್ಪ ಮಾಡಿಕೊಂಡ ಒಬ್ಬ ಮುದುಕ ಸಿಗುತ್ತಾನೆ. ಅಲ್ಲಿಂದಲೇ ಶುರು ಮಾಡಿ. ನಾನು ಎದುರಿಗೇ ಕೂತಿರುತ್ತೇನೆ.

ಇಂತಿ,
ಏಳನೆಯ ಪೋಸ್ಟಿನಲ್ಲಿ ಇಲ್ಲದೆಯೂ ಇದ್ದೇನೆ ಎಂದ,
ಆರನೆಯ ಪೋಸ್ಟಿನ ಗುಂಡಣ್ಣ
ಚೆನ್ನೈ