ಮೇಯರ್ ಹಿಂದೆ ಎತ್ತಿದ ಕೈಗಳು

ಆಗಸ್ಟ್ 12, ಮಂಗಳವಾರ

ಕ್ರೀಡಾಪುಟ ಮುಗೀತು. ಫುಟ್‌ಬಾಲ್ ಫೋಟೊ ಮೇಲೆ ಫೋನ್ ಹಿಡಿದರೆ ಗೋಲು ಹೊಡೆಯೋದು ಪೂರ್ತಿ ಕಾಣುತ್ತೆ. ಸಂಪಾದಕ ಡರ್ಮಟ್‌ಗೆ ಈ ಎಆರ್, ಅಂದ್ರೆ ಫೋಟೊಗೆ ವಿಡಿಯೊ ಜೋಡಿಸೋದು, ಬರೀ ಆಟಿಕೆ. "ಜಾಹೀರಾತು ಬರುತ್ತೆ, ಮಾಡು" ಅಂತ ಚೀಟಿ ಕೊಟ್ಟ. ಅವನ ಮೀಸೆಯಲ್ಲಿ ತುಟಿ ಮುಚ್ಚಿಹೋಗಿದೆ, ಕಿವಿ ಕೇಳದ ನನಗೆ ಓದೋಕಾಗಲ್ಲ. ಅದಕ್ಕೇ ಚೀಟಿ.

ಮೊದಲ ಪುಟ — ನಿನ್ನೆಯ ಕೌನ್ಸಿಲ್ ಸಭೆ. ನಮ್ಮ ಕಿವುಡರ ಕ್ಲಬ್ಬಿನ ಹಾಲ್ ಮಾರ್ತಾರಂತೆ. ತಲೆಬರಹ: "ಯಾರ ವಿರೋಧವೂ ಇಲ್ಲ". ಫೋಟೊದಲ್ಲಿ ಮೇಯರ್ ನಗು. ಹಿಂದೆ ನಮ್ಮವರು ಐದು ಜನ, ಕೈ ಎತ್ತಿ. ಕೆಳಗೆ: "ಹರ್ಷದಿಂದ ಸ್ವಾಗತಿಸಿದ ಸಭಿಕರು".

ಹರ್ಷ?!

ಮಧ್ಯಾಹ್ನ 3

ಕ್ಯಾಮರಾದಲ್ಲಿ ವಿಡಿಯೊನೂ ಇತ್ತು. ಸಭೆಗೆ ಕೈಮಾತಿನ ದುಭಾಷಿಯನ್ನ ಕರೆಸೇ ಇಲ್ಲ. ಬೆರಿಲ್ — ಎಂಬತ್ತು ದಾಟಿದೆ — ಕೈಮಾತಲ್ಲಿ ಉಗೀತಿದ್ದಾಳೆ: "ಇದಕ್ಕೆ ಇಟ್ಟಿಗೆ ಹೊತ್ತೋಳು ನಾನು ಕಣೋ! ಮಾರೋಕೆ ನೀನ್ಯಾರೋ, ಹಲ್ಕಿರಿಯೋನೇ?" ಮೇಯರ್ ತಿರುಗಿ ಟಾಟಾ ಮಾಡಿದ.

ಡರ್ಮಟ್‌ಗೆ ತೋರಿಸಿದೆ. ಚೀಟಿ: "ಆ ಸಾಲು ಮೇಯರ್ ಆಫೀಸು ಕಳಿಸಿದ್ದು. ಇರಲಿ ಬಿಡು."

ಇರಲಿ. ಅಕ್ಷರ ಮುಟ್ಟಲ್ಲ. ಫೋಟೊ ಮೂಲೆಯಲ್ಲಿ ಸಣ್ಣ ಫೋನ್ ಗುರುತು ಹಾಕಿದೆ. ವಿಡಿಯೊ ಜೋಡಿಸಿ, ಬೆರಿಲ್ ಮಾತನ್ನ ಕೆಳಗೆ ಇಂಗ್ಲಿಷಲ್ಲಿ ಕೊಟ್ಟೆ. ಬೈಗುಳ ಸಮೇತ.

ಆಗಸ್ಟ್ 14, ಗುರುವಾರ

ಪೇಪರ್ ಬಂತು. ಬೇಕರಿ ಕ್ಯೂನಲ್ಲಿ ಎಲ್ಲರೂ ಮೇಯರ್ ಮುಖದ ಮೇಲೆ ಫೋನ್ ಹಿಡಿದು ನಿಂತಿದ್ದಾರೆ! ಬೇಕರಿಯ ರೋಶೀನ್ ಕಣ್ಣೊರೆಸಿಕೊಂಡು ನಕ್ಕಳು.

ಡರ್ಮಟ್ ಕೆಂಪಗಾಗಿ ಬಂದ. ಚೀಟಿ: "ತೆಗಿ."

ಅದರ ಕೆಳಗೇ ಬರೆದೆ: "ತೆಗಿಯಲ್ಲ."

"ಕೆಲಸ ಹೋಗುತ್ತೆ, ಲಿನೆಟ್."

"ಸುಳ್ಳು ಯಾವುದು ತೋರಿಸು. ಈಗಲೇ ತೆಗೀತೀನಿ."

ಚೀಟಿ ಮುದುರಿ ಜೇಬಿಗೆ ಹಾಕಿಕೊಂಡು ಹೋದ.

ಸಂಜೆ ವಿಡಿಯೊನ ತಾನೇ ತೆಗೆದ. ನನ್ನ ಪಾಸ್‌ವರ್ಡೂ ಹೋಯ್ತು, ಕೆಲಸವೂ. ಈಗ ಫೋನ್ ಹಿಡಿದರೆ ಬರೀ ಮೇಯರ್ ನಗು. ಅಳು ಬಂತು. ಸಿಟ್ಟಿಂದ.

ಆಗಸ್ಟ್ 16, ಶನಿವಾರ

ಕ್ಲಬ್ಬಲ್ಲಿ ಹೇಳಿಕೊಂಡೆ. ಬೆರಿಲ್ ತಲೆಗೆ ಮೊಟಕಿದಳು. "ವಿಡಿಯೊ ಕಿತ್ಕೊಂಡ್ರೆ ಕಿತ್ಕೊಳ್ಳಲಿ. ನನ್ನ ಕೈ ಕಿತ್ಕೊಂಡ್ರೇನೇ?"

ಮಾರ್ಕೆಟ್ ನಡುವೆ ಹೋಗಿ ನಿಂತರು, ಆ ಐದೂ ಜನ. ಫೋಟೊದಲ್ಲಿದ್ದ ಹಾಗೇ. ನಾನು ಮುಂದೆ ಪೇಪರ್ ಎತ್ತಿ ಹಿಡಿದೆ. ಸಮುದ್ರದ ಗಾಳಿಗೆ ಹರಿದುಹೋಗೋ ಹಾಗಿತ್ತು. ಬೆರಿಲ್ ಮತ್ತೆ ಶುರು ಮಾಡಿದಳು, ಮೊದಲಿಂದ. ರೋಶೀನ್ ಹಿಟ್ಟಿನ ಏಪ್ರನ್ನಲ್ಲೇ ಓಡಿಬಂದು, ನಾನು ಬರೆದುಕೊಟ್ಟಿದ್ದನ್ನ ಗಟ್ಟಿಯಾಗಿ ಓದಿದಳಂತೆ. ಗಟ್ಟಿ ಅಂತ ಅವಳ ಕತ್ತಿನ ನರ ನೋಡೇ ಗೊತ್ತಾಯ್ತು. ಜನ ಸೇರಿದರು. ಮೊದಲು ಒಬ್ಬ, ಆಮೇಲೆ ಎಲ್ಲರೂ — ಕೈ ಮೇಲೆತ್ತಿ ಅಲ್ಲಾಡಿಸಿದರು. ನಮ್ಮ ಕಿವುಡರ ಚಪ್ಪಾಳೆ. ಯಾರು ಹೇಳಿಕೊಟ್ಟರೋ.

ಆಗಸ್ಟ್ 25, ಸೋಮವಾರ

ಕೌನ್ಸಿಲ್ ಮತ್ತೆ ಸಭೆ ಕರೆಯಲೇಬೇಕಾಯ್ತು. ಹೋಬಾರ್ಟ್ ನಗರದಿಂದ ದುಭಾಷಿ ಬಂದಳು. ಬೈಗುಳವನ್ನೂ ಬಿಡದೆ ಹೇಳಿದಳಂತೆ, ಪುಣ್ಯಾತ್ಗಿತ್ತಿ. ಮೇಯರ್ ನಗಲಿಲ್ಲ. ಮಾರಾಟ ರದ್ದು!

ಡರ್ಮಟ್ ಮೆಸೇಜ್: "ನಾಳೆ ಕೆಲಸಕ್ಕೆ ಬಾ. ನನ್ನದೊಂದು ಷರತ್ತಿದೆ."

ನನ್ನವೂ ಇವೆ. ಒಂದು — ಮೊದಲ ಪುಟದ ಪ್ರತಿ ಸುದ್ದಿಗೂ ಕೈಮಾತಿನ ವಿಡಿಯೊ, ಪ್ರತಿ ವಾರ. ಎರಡು — ನಾನು ಹಾಕಿದ್ದನ್ನ ನನ್ನ ಕೇಳದೆ ಯಾರಾದ್ರೂ ಮುಟ್ಟಿದರೆ, ಬೆರಿಲ್‌ನ ಆಫೀಸಿಗೇ ಕರ್ಕೊಂಡು ಬರ್ತೀನಿ.