ಯಾವಾಗ ಬಳಸಬಾರದು

ಮಾರ್ಚ್ 3, ಮಂಗಳವಾರ

ಈ ಡೈರಿಯಲ್ಲಾದರೂ ಒಪ್ಪಿಕೊಳ್ಳುತ್ತೇನೆ. ಎರಡು ವರ್ಷದಿಂದ ಆಫೀಸಿಗೆ ಹೋಗುತ್ತಿರುವುದು ಬಾವಲಿಯ ಫೋನಿಗಾಗಿ. ಸಂಬಳ ಆಮೇಲಿನದು.

ಬಾವಲಿ ನಮ್ಮ ಲಿಫ್ಟ್ ರಿಪೇರಿ ಕಂಪನಿಯ ಮೆಕ್ಯಾನಿಕ್, ನಾನು ಅಲ್ಲಿ ಫೋನ್ ಆಪರೇಟರ್. ಸದಾ ಲಿಫ್ಟಿನ ತಳದ ಕತ್ತಲ ಗುಂಡಿಯಲ್ಲಿ ಇರುತ್ತಾನೆ, ಅದಕ್ಕೇ ಆ ಹೆಸರು. ಮುಖ ನೋಡಿದ್ದು ಹತ್ತೋ ಹನ್ನೆರಡೋ ಸಲ. ಧ್ವನಿ ಮಾತ್ರ ದಿನಕ್ಕೆ ಐದಾರು ಬಾರಿ. ಲಿಫ್ಟ್ ಗುಂಡಿಗೆ ಇಳಿಯುವ ಮುಂಚೆ ಮೆಕ್ಯಾನಿಕ್‌ಗಳು ನನಗೆ ಫೋನ್ ಮಾಡುತ್ತಾರೆ — "ಒಳಗೆ." ಹತ್ತಿ ಬಂದಮೇಲೆ — "ಹೊರಗೆ." ನಾನು ಆಫೀಸಿನ ಬೋರ್ಡಿನಲ್ಲಿ ಆ ಲಿಫ್ಟಿನ ಹೆಸರಿಗೆ ಕೆಂಪು ಚೀಟಿ ಅಂಟಿಸುತ್ತೇನೆ, ಕೀಳುತ್ತೇನೆ. ಚೀಟಿ ಇರುವ ಲಿಫ್ಟನ್ನು ಯಾರೂ ಚಾಲೂ ಮಾಡುವಂತಿಲ್ಲ. ಎಲ್ಲೂ ಬರೆದಿಟ್ಟ ನಿಯಮವಲ್ಲ, ನಡೆದು ಬಂದದ್ದು.

ಉಳಿದವರು ಒಂದೇ ಪದ ಹೇಳಿ ಇಟ್ಟುಬಿಡುತ್ತಾರೆ. ಅವನು ಮಾತ್ರ, "ಒಳಗೆ, ಆಪರೇಟರಮ್ಮ. ಇಲ್ಲಿ ಯಾರದೋ ಒಂಟಿ ಚಪ್ಪಲಿ ಬಿದ್ದಿದೆ. ನಿಮ್ಮದಾ?"

ಅಷ್ಟೇ. ಅಷ್ಟಕ್ಕೇ ಇಡೀ ದಿನ...

ಮಾರ್ಚ್ 5, ಗುರುವಾರ

ಎಂಜಿನಿಯರ್ ಮೇಡಂ ಕರೆದರು. ಎಐ ಏಜೆಂಟ್ ಬರುತ್ತಿದೆಯಂತೆ. ದೂರು ಬಂದರೆ ತಾನೇ ನೋಡಿ, ಮೆಕ್ಯಾನಿಕ್ ಕಳಿಸಿ, ಬೇಕಾದರೆ ದೂರದಿಂದಲೇ ಲಿಫ್ಟ್ ಓಡಿಸುತ್ತದಂತೆ. ನಮ್ಮ ಸಾಫ್ಟ್‌ವೇರಿನ ಹದಿನಾಲ್ಕು ಟೂಲ್‌ಗಳಿಗೂ, ಅಂದರೆ ಅದು ಮಾಡಬಹುದಾದ ಒಂದೊಂದು ಕೆಲಸಕ್ಕೂ, ವಿವರಣೆ ಬೇಕು. ಅದನ್ನು ಓದಿಕೊಂಡೇ ಅದು ಕೆಲಸ ಮಾಡುವುದು. ಬರೆಯಬೇಕಾದವಳು ನಾನು.

"ಮೇಡಂ, ನಾನು ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟವಳು."

"ಗೊತ್ತು. ಓದಿದವರ ಕೈಲಿ ಬರೆಸಿ ನೋಡಿದೆ. ನನಗೇ ತಲೆ ಕೆಟ್ಟುಹೋಯ್ತು. ನೀನು ಫೋನಲ್ಲಿ ಹೇಳ್ತೀಯಲ್ಲ, ಹಾಗೆ ಬರಿ. ಏನು ಮಾಡುತ್ತೆ, ಏನು ಕೊಡಬೇಕು, ಏನು ವಾಪಸ್ ಬರುತ್ತೆ. ಮುಖ್ಯವಾಗಿ, ಯಾವಾಗ ಬಳಸಬಾರದು. ನೀನು ಹೇಳದೇ ಇದ್ದದ್ದು ಅದರ ಪಾಲಿಗೆ ಇಲ್ಲವೇ ಇಲ್ಲ."

ಸ್ಕೂಲಿನಲ್ಲಿ ಯಾರಾದರೂ ನನಗೆ ಹೀಗೆ ಬಿಡಿಸಿ ಹೇಳಿದ್ದರೆ... ಇರಲಿ.

ಮಾರ್ಚ್ 9, ಸೋಮವಾರ

ಹದಿಮೂರು ಮುಗಿಯಿತು. "ಸ್ಥಿತಿ ನೋಡು" ಎಂಬ ಟೂಲಿಗೆ ಮೊದಲು "ಲಿಫ್ಟಿನ ಸ್ಥಿತಿ ತಿಳಿಸುತ್ತದೆ" ಎಂದು ಬರೆದಿದ್ದೆ. ಮೇಡಂ ನಕ್ಕರು. "ಅದು ಹೆಸರಲ್ಲೇ ಇದೆಯಲ್ಲೇ." ಈಗ ಹೀಗಿದೆ — "ಲಿಫ್ಟ್ ಓಡುತ್ತಿದೆಯೋ ನಿಂತಿದೆಯೋ, ಎಷ್ಟನೇ ಮಹಡಿಯೋ ಹೇಳುತ್ತದೆ. ಒಳಗೆ ಜನ ಇದ್ದಾರೆಯೇ ಎಂದು ಇದಕ್ಕೆ ತಿಳಿಯದು. ಅದಕ್ಕೆ ಕ್ಯಾಮೆರಾ ಟೂಲ್ ಬಳಸಿ." ಬರೆದು ಖುಷಿಯಾಯಿತು. ಸುಳ್ಳಲ್ಲ.

ಮನೆಯಲ್ಲಿ ಚಿಕ್ಕಮ್ಮ: "ಸ್ಕೂಲ್ ಕಾಂಪೌಂಡ್ ಹಾರಿದವಳು ಯಂತ್ರಕ್ಕೆ ಪಾಠ ಹೇಳ್ತಾಳಂತೆ. ಪಾಪ ಯಂತ್ರ."

ಕೊನೆಯದು "ಮರುಚಾಲನೆ". ನಿಂತ ಲಿಫ್ಟನ್ನು ಮತ್ತೆ ಓಡಿಸುವ ಟೂಲ್. ಯಾವಾಗ ಬಳಸಬಾರದು? ಕೆಂಪು ಚೀಟಿ ಇದ್ದಾಗ. ಆದರೆ ನನ್ನ ಬೋರ್ಡು ಯಂತ್ರಕ್ಕೆ ಕಾಣದು, ಆ ಸಾಲು ಬರೆದರೆ ಚೀಟಿಯ ಲೆಕ್ಕವೇ ಅದರ ಕೈಗೆ ಹೋಗಬೇಕು. ಅಂದರೆ ಮೆಕ್ಯಾನಿಕ್‌ಗಳ ಫೋನೂ ಅದಕ್ಕೇ.

ಬರೆಯಲಿಲ್ಲ. ಏಜೆಂಟಿನ ಟ್ರಯಲ್ ಮುಗಿಯುವವರೆಗೆ ಬೋರ್ಡಿನ ಮುಂದೆ ನಾನಿದ್ದೇನಲ್ಲ. ಇನ್ನೊಂದು ವಾರ ಅವನ ಮಾತು ಕೇಳಿಕೊಂಡರೆ ಯಾರ ಗಂಟು ಹೋಗುತ್ತದೆ?

ಮಾರ್ಚ್ 12, ಗುರುವಾರ, ಸಂಜೆ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಟ್ರಯಲಿನ ಮೊದಲ ದಿನ. 11:10ಕ್ಕೆ ಬಾವಲಿ — "ಒಳಗೆ." ಚೀಟಿ ಅಂಟಿಸಿದೆ. 11:16ಕ್ಕೆ ಆ ಕಟ್ಟಡದಿಂದಲೇ ದೂರು — ಲಿಫ್ಟ್ ಬರುತ್ತಿಲ್ಲ. ಏಜೆಂಟ್ ಸ್ಥಿತಿ ನೋಡಿತು. ನಿಂತಿದೆ. ಕ್ಯಾಮೆರಾ ನೋಡಿತು. ಲಿಫ್ಟಿನೊಳಗೆ ಯಾರೂ ಇಲ್ಲ. ನಾನು ಬರೆದದ್ದನ್ನು ಒಂದಕ್ಷರ ಬಿಡದೆ ಪಾಲಿಸಿತು. ನಾನು ಎದ್ದು ನಿಲ್ಲುವಷ್ಟರಲ್ಲಿ ತೆರೆಯ ಮೇಲೆ "ಮರುಚಾಲನೆ ಯಶಸ್ವಿ".

ಮೋಟಾರಿನ ಸದ್ದು ಕೇಳಿ ಅವನು ಗುಂಡಿಯ ಗೋಡೆಗೆ ಅಂಟಿಕೊಂಡನಂತೆ. ಮೊಣಕೈಗೆ ಒಂಬತ್ತು ಹೊಲಿಗೆ. ಇಳಿದು ಬಂದ ಲಿಫ್ಟಿಗೂ ಅವನಿಗೂ ನಡುವೆ ಅಂಗೈಯಗಲ ಜಾಗ ಇತ್ತಂತೆ. ಅಷ್ಟೇ ಇತ್ತಂತೆ.

ಮಾರ್ಚ್ 20, ಶುಕ್ರವಾರ

ಎಂಟು ದಿನ ಬರೆಯಲಾಗಲಿಲ್ಲ.

ಮೇಡಂಗೆ ಅವತ್ತೇ ಹೇಳಿದೆ — ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಆ ಸಾಲು ಅವರ ಎದುರಿಗೇ ಕೂತು ಬರೆದೆ. ಅವರು ಅದನ್ನು ಎರಡು ಸಲ ಓದಿ, "ಮರೆತೆ ಅಂತಲೇ ಇರಲಿ. ಅವನಿಗೆ ಹೇಳೋದು ಬೇಡ" ಎಂದರು.

ಆಗಲಿಲ್ಲ. ಇವತ್ತು ಬಾವಲಿಗೆ ಫೋನ್ ಮಾಡಿದೆ.

"ಕೈ ಹೇಗಿದೆ?"

"ಅನ್ನ ಕಲಸೋಕೆ ಬರ್ತಿದೆ ಆಪರೇಟರಮ್ಮ. ಬೇರೇನು ಬೇಕು?"

ಹೇಳಿದೆ. ಎಲ್ಲ.

"ಬೇಕಂತಲೇ ಬಿಟ್ರಾ? ಯಾಕೆ?"

"ನಿಮ್ಮ ಫೋನ್ ಬರೋದು ನಿಂತುಹೋಗುತ್ತೆ ಅಂತ."

ಅವನ ಹಿಂದೆ ಎಲ್ಲೋ ಕುಕ್ಕರ್ ಕೂಗಿತು. ಒಂದು. ಎರಡು.

"ಅದನ್ನ ನನಗೇ ಹೇಳಬಹುದಿತ್ತಲ್ಲ," ಎಂದ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ, "ಇಡ್ತೀನಿ."

ಮಾರ್ಚ್ 28, ಶನಿವಾರ

ಕೆಲಸ ಬಿಟ್ಟೆ. ಮೇಡಂ ಬಿಡಿಸಲಿಲ್ಲ, ತಡೆಯಲೂ ಇಲ್ಲ. ಇವತ್ತು ಕೊನೆಯ ದಿನ. ಮೆಕ್ಯಾನಿಕ್‌ಗಳ ಫೋನ್ ಈಗ ಏಜೆಂಟಿಗೇ; ಅದರ ದಾಖಲೆ ತೆರೆದು ನೋಡಿದೆ, ನೋಡಬಾರದಿತ್ತು. ಬಾವಲಿ ಸೋಮವಾರದಿಂದ ಕೆಲಸಕ್ಕೆ ಬಂದಿದ್ದಾನೆ. "ಒಳಗೆ." "ಹೊರಗೆ." ಪುಟ ಪೂರ್ತಿ ಒಂದೊಂದೇ ಪದ. ಎರಡನೆಯ ಪದಕ್ಕಾಗಿ ಕೆಳಗಿನವರೆಗೂ ಹುಡುಕಿದೆ.

ಮಾರ್ಚ್ 29, ಭಾನುವಾರ

ಅಕ್ಕನ ಊರಲ್ಲಿ ಸಂಜೆ ಶಾಲೆ ಇದೆಯಂತೆ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಕಟ್ಟಬಹುದಂತೆ. ಚಿಕ್ಕಮ್ಮ ಬ್ಯಾಗು ತುಂಬಿಸುತ್ತ, "ಅಲ್ಲಿ ಕಾಂಪೌಂಡ್ ಎತ್ತರ ಇದೆಯಾ ಕೇಳಿದ್ಯಾ?" ಎಂದಳು. ನಗಿಸಲು. ನಕ್ಕೆ.

ಬಾವಲಿಗೆ ಮಾಡಲೆಂದು ಫೋನ್ ಮೂರು ಸಲ ಕೈಗೆತ್ತಿಕೊಂಡೆ. ಏನೆಂದು ಹೇಳುವುದು...

ಬಸ್ಸು ಆರೂವರೆಗೆ. ನಾಳೆ ಹೊರಡುತ್ತೇನೆ.