ತೊಗಟೆಬಟ್ಟೆಯೊಳಗಿನ ನೋಟುಗಳು

ಕೊಲೊವಾಯಿ, ಟೊಂಗಾ
ಆಗಸ್ಟ್ ೯

ನನ್ನ ಲುಪೆ,

"ಎಣ್ಣೆ ಹಚ್ಚಿದ ತೋಳಿಗೆ ಬೆಳದಿಂಗಳೂ ಅಂಟುತ್ತದೆ." ನಿನ್ನ ಅಜ್ಜಿ ಹಾಡುತ್ತಿದ್ದ ಸಾಲು ಹೀಗೇ ಇತ್ತೇ? "ಜಾರುತ್ತದೆ" ಎಂದಿತ್ತೋ ಏನೋ, ಬೆಳಗಿನಿಂದ ನೆನಪಾಗುತ್ತಿಲ್ಲ. ಎಣ್ಣೆಯ ಮೇಲೆ ಏನಾದರೂ ನಿಲ್ಲುವುದುಂಟೇ? ಆದರೆ ಶಾಲೆಯ ಸಮಾರಂಭದಲ್ಲಿ ನೀನು ಕುಣಿಯುವಾಗ ಊರವರು ಎಣ್ಣೆ ಹಚ್ಚಿದ ನಿನ್ನ ತೋಳಿಗೆ, ಕೊರಳಿಗೆ ಕಾಣಿಕೆಯಾಗಿ ಅಂಟಿಸಿದ ನೋಟುಗಳಲ್ಲಿ ಒಂದೂ ಉದುರಲಿಲ್ಲ. ಅವುಗಳ ಕಥೆ ಬರೆಯಲು ಕೂತಿದ್ದೇನೆ.

ಆಕ್ಲೆಂಡಿಗೆ ವಿಮಾನ ಹತ್ತುವ ಮುಂಚೆ ನೀನು ಕೇಳಿದ್ದಕ್ಕೆ ಇದು ಉತ್ತರವಲ್ಲ. ಫೆಟುವನ್ನು ಮದುವೆಯಾಗುತ್ತೇನೆ, ಬರುತ್ತೀಯೋ ಇಲ್ಲವೋ ಎಂದೆ ನೀನು. ನಾನು ನಿನ್ನ ಪೆಟ್ಟಿಗೆಯ ಜಿಪ್ ಸರಿಮಾಡುತ್ತ ನಿಂತೆ. ಆ ವಿಷಯ ಆಮೇಲೆ.

ಶಾಲೆಯ ಲೈಬ್ರರಿಯ ಚಾವಣಿಗೆಂದು ಬಂದ ಆ ನೋಟುಗಳನ್ನು ಬ್ಯಾಂಕಿಗೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲವೂ ತೆಂಗಿನೆಣ್ಣೆಯಲ್ಲಿ ಮಿಂದಿದ್ದವು. ಪಕ್ಕದ ಮನೆ ಫೂಸಿ ಅಕ್ಕನ ಚಪ್ಪರದಲ್ಲಿ ಹೆಂಗಸರು ಒಂದು ತೊಗಟೆಬಟ್ಟೆ ಮಾಡುತ್ತಿದ್ದಾರೆ. ಅದು ಅವರೇ ಶುರುಮಾಡಿದ್ದು, ನನ್ನದೇನೂ ಇಲ್ಲ. ಅಲ್ಲಿ ಮರದ ತೊಗಟೆಯನ್ನು ತೆಳ್ಳಗೆ ಬಡಿದು ಒಂದರ ಮೇಲೊಂದು ಹಾಸಿಟ್ಟಿದ್ದ ಎರಡು ಹಾಳೆಗಳ ನಡುವೆ ನೋಟುಗಳನ್ನು ಹರಡಿದೆ. ತೊಗಟೆ ಎಣ್ಣೆ ಹೀರುತ್ತದೆ ಎಂಬ ನನ್ನ ಎಣಿಕೆ ಸರಿಯಾಗಿಯೇ ಇತ್ತು. ಫೂಸಿ ಅಕ್ಕನಿಗೆ ಹೇಳಲು ಮರೆತೆ, ಅಷ್ಟೇ.

ಮರುದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಅವರು ಮರಗೆಣಸಿನ ಅಂಟು ಬಳಿದು ಎರಡೂ ಹಾಳೆ ಸೇರಿಸಿ, ಹೂವಿನ ಉಬ್ಬಚ್ಚಿನ ಮೇಲೆ ಹಾಸಿ, ಕಂದು ಬಣ್ಣ ಉಜ್ಜುತ್ತಿದ್ದರು. ಮೇಲಿನ ಹಾಳೆಯ ಅಡಿಗೆ ಕಚ್ಚಿಕೊಂಡಿದ್ದ ನೋಟುಗಳನ್ನು ಹಾಡು, ನಗುವಿನ ನಡುವೆ ಯಾರೂ ನೋಡಿರಲಿಲ್ಲ.

"ಸೆಲಾ, ಬಾರೇ ಇಲ್ಲಿ! ಹೂವಿನ ಮಧ್ಯೆ ಚೌಕ ಚೌಕ ಮೂಡ್ತಿದೆ. ನಮ್ಮಜ್ಜಿ ಕಾಲದಲ್ಲೂ ಇಂಥ ಚಿತ್ತಾರ ಇರ್ಲಿಲ್ಲ!" ಎಂದು ಫೂಸಿ ಅಕ್ಕ ಹಿಗ್ಗಿನಿಂದ ಕೂಗಿದಳು.

"ಅಯ್ಯೋ, ಅದು ಚಿತ್ತಾರ ಅಲ್ಲ ಅಕ್ಕಾ, ಲೈಬ್ರರಿ ಚಾವಣಿ!"

ಹೆಂಗಸರು ನಕ್ಕು ನಕ್ಕು ಚಾಪೆಯ ಮೇಲೆ ಬಿದ್ದರು. ಆಮೇಲೆ ಹಾಳೆ ಬಿಡಿಸಿ ಒಂದೊಂದನ್ನೇ ಕಿತ್ತೆವು. ಕೆಲವು ಎರಡು ತುಂಡಾದವು. ಕೆಲವಕ್ಕೆ ನಾರಿನ ಮೀಸೆ ಬಂದಿತ್ತು.

ಬ್ಯಾಂಕಿನಲ್ಲಿ ಇದ್ದವನು ಸೆಮಿಸಿ, ನನ್ನ ಹಳೆಯ ವಿದ್ಯಾರ್ಥಿ. ಒಂದು ನೋಟು ಎತ್ತಿ ಮೂಸಿ ನೋಡಿದ.

"ಟೀಚರ್, ಇದು ದುಡ್ಡೋ, ಮದುವೆಗೆ ಕೊಡೋ ತೊಗಟೆಬಟ್ಟೆಯೋ?"

"ಅರ್ಧಕ್ಕಿಂತ ಹೆಚ್ಚು ಉಳಿದಿದ್ರೆ ಬದಲಾಯಿಸ್ತೀರಿ ತಾನೇ? ತುಂಡೆಲ್ಲಾ ಜೋಡಿಸಿ ತಂದಿದ್ದೀನಿ, ನೋಡು."

"ಬದಲಾಯಿಸ್ತೀನಿ. ಹೇಗೆ ಹಾಳಾಯ್ತು ಅಂತ ಬರೀಬೇಕಲ್ಲ."

ತೊಗಟೆಬಟ್ಟೆ ಅಂಟಿಸುವಾಗ ಎಂದೆ. ಸಾಲಿನಲ್ಲಿ ನನ್ನ ಹಿಂದಿದ್ದ ಅಜ್ಜಿಯೊಬ್ಬಳು ಕತ್ತು ಚಾಚಿದಳು. "ಇಷ್ಟೆಲ್ಲಾ ನೋಟು ನುಂಗೋ ಅಷ್ಟು ದೊಡ್ಡ ಬಟ್ಟೆ ಸುಮ್ಸುಮ್ನೆ ಯಾರು ಮಾಡ್ತಾರೆ? ಯಾರ ಮದುವೆನಮ್ಮಾ?"

ಸಾಲಿನವರೆಲ್ಲ ನನ್ನತ್ತ ತಿರುಗಿದರು. ನನ್ನ ಬಾಯಿ ನನ್ನನ್ನು ಕೇಳಲೇ ಇಲ್ಲ, ಲುಪೆ.

"ನನ್ನ ಮಗಳದ್ದು."

"ಹುಡುಗ ಯಾವೂರವನು?"

"ಸಮೋವಾದವನು."

"ಅಯ್ಯೋ ದೇವರೇ! ರಗ್ಬಿಯಲ್ಲಿ ನಮ್ಮನ್ನ ಸೋಲಿಸೋಕೆ ಆಗ್ದೆ ಹೆಣ್ಣು ಹೊತ್ಕೊಂಡು ಹೋಗ್ತಿದ್ದಾರಲ್ಲಪ್ಪಾ!" ಎಂದ ಸೆಮಿಸಿ. ಬಾಗಿಲ ಬಳಿಯ ಕಾವಲುಗಾರನೂ ನಕ್ಕ. ಅಜ್ಜಿ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಸೆಮಿಸಿ ಹೊಸ ನೋಟುಗಳನ್ನು ನನ್ನ ಕೈಗಿಡುವಷ್ಟರಲ್ಲಿ ಇಡೀ ಸಾಲು ನನ್ನನ್ನು ಮದುವಣಗಿತ್ತಿಯ ತಾಯಿ ಮಾಡಿಬಿಟ್ಟಿತ್ತು. ಆ ಹೆಸರು ಇಷ್ಟು ಚೆನ್ನಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಈ ಸುದ್ದಿ ಕಾಗದಕ್ಕಿಂತ ಮೊದಲೇ ಆಕ್ಲೆಂಡ್ ಮುಟ್ಟೀತು. ಬೇರೆಯವರ ಬಾಯಿಂದ ಕೇಳುವ ಮುಂಚೆ ನನ್ನಿಂದಲೇ ಕೇಳು: ಬರುತ್ತೇನೆ. ಹೆಂಗಸರು ಹೇಗೂ ಬಟ್ಟೆ ಮುಗಿಸುತ್ತಿದ್ದಾರೆ, ಅದನ್ನು ಹೊತ್ತು ತರಲು ಒಬ್ಬರು ಬೇಕಲ್ಲ.

ಮುತ್ತುಗಳೊಂದಿಗೆ,
ನಿನ್ನ ಅಮ್ಮ
ಸೆಲಾ

ತಾ.ಕ.: ಲಕೋಟೆ ಮುಚ್ಚುವಾಗ ಫೂಸಿ ಅಕ್ಕ ಬಾಗಿಲಿಗೆ ಬಂದಳು. ಓದಿ ಹೇಳೆಂದು ಹಟ ಹಿಡಿದಳು. ಕೇಳಿ ಮುಗಿಸಿ, ಹೊಸ್ತಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತು ಅಂದಳು: "ಬಟ್ಟೆ ನಾವೇ ಶುರುಮಾಡಿದ್ವಾ? ಮಗಳು ಆ ಹುಡುಗನ ಫೋಟೋ ಕಳಿಸಿದ ದಿನವೇ ಅಳುತ್ತಾ ಬಂದು, ಮದುವೆ ಬಟ್ಟೆಗೆ ಒಳ್ಳೇ ತೊಗಟೆ ಕೊಡು ಅಕ್ಕಾ ಅಂದೋಳು ಯಾರೇ? ಅದನ್ನೂ ಬರಿ."